ನನ್ನ ಕಷ್ಟಕ್ಕೆ ನಿನ್ನ ಮುಖ

...ಅಲ್ಲ, ಅದನ್ನ ನನ್ನ ಯಾಕೆ ಕೇಳ್ತೀಯಾ ಅತ್ತಿಗೆ? ಪಟ್ಟಿ ಅಂಟಿಸಿದ್ದು ಸೂಪರ್‌ವೈಸರು. ನಾಲ್ಕು ಜನರನ್ನ ತೆಗೀತೀನಿ ಅಂದ, ತೆಗೆದ. ಅದರಲ್ಲಿ ನಿನ್ನ ಹೆಸರು ಬಂತು. ನಾನು ಈ ಲಾಂಡ್ರೀಲಿ ಇಸ್ತ್ರಿ ಮೇಜಿಗೆ ಹಿರಿಯಳು ಅಷ್ಟೇ, ಮಾಲೀಕಳಲ್ಲ. ಆ ತುದಿ ಹಿಡ್ಕೋ. ಹಿಡ್ಕೊಳೇ, ಕೆಲಸ ಹೋದ್ರೆ ಕೈಯೂ ಹೋಯ್ತಾ? ಆಸ್ಪತ್ರೆ ಬೆಡ್‌ಶೀಟು ಇನ್ನೂ ಮೂವತ್ತಿದೆ, ಒಬ್ಬಳೇ ಮಡಿಸೋಕೆ ಹೋದ್ರೆ ನೆಲಕ್ಕೆ ತಾಗುತ್ತೆ.

ಯಾಕೆ ಹಾಗೆ ನೋಡ್ತೀಯಾ? ತಮಾಷೆಗೆ ಅಂದೆ. ಅಣ್ಣ ಕಾಲು ಮುರ್ಕೊಂಡು ಮಲಗಿ ಎಂಟು ತಿಂಗಳಾಯ್ತು, ನಿನ್ನ ಸಂಬಳದಲ್ಲೇ ಮನೆ ನಡೀತಿದೆ ಅಂತ ನಂಗೆ ಗೊತ್ತಿಲ್ವಾ? ನಿನ್ನ ಈ ಕೆಲಸಕ್ಕೆ ಸೇರಿಸಿದ್ದು ಯಾರು? ನಾನು. ನಮ್ಮಣ್ಣಂಗೆ ತೋರಿಸಿದ್ದು? ಅದೂ ನಾನೇ. ನಿನ್ನ ಕೆಟ್ಟದ್ದು ಬಯಸ್ತೀನಾ ನಾನು!

ಆದ್ರೂ ನಿಂಗೇನು ಕಮ್ಮಿ ಹೇಳು. ಊರಿಗೆ ಊರೇ ನಿನ್ನ ಸಿನಿಮಾ ನೋಡಿದೆ. ಮೊನ್ನೆ ಬಸ್ಸಲ್ಲಿ ಕಂಡಕ್ಟರು ನಿನ್ನ ಹತ್ರ ದುಡ್ಡೇ ತಗೊಳ್ಲಿಲ್ಲ. ನಿಮ್ಮನ್ನ ನೋಡಿ ನಮ್ಮಮ್ಮ ನೆನಪಾದ್ಲು ಅಂದ. ನನ್ನ ಹತ್ರ? ಚಿಲ್ಲರೆ ಇಲ್ದೆ ಯಾಕೆ ಹತ್ತಿದೆ ಅಂತ ಬೈದ! ನನ್ನ ನೋಡಿ ಯಾರ ಅಮ್ಮಾನೂ ನೆನಪಾಗಲ್ವಾ?

ನಗು, ನಗು. ...ನಗ್ತಿಲ್ವಾ. ಸರಿ.

ಹೊಟ್ಟೆಕಿಚ್ಚಾ? ನಂಗಾ? ಥೂ! ನ್ಯಾಯದ ಮಾತು ಆಡ್ತಿದೀನಿ. ಆ ಡೈರೆಕ್ಟರು ಬಂದಾಗ ಏನಂದ? ನಟಿಯರು ಬೇಡ, ಬಣ್ಣ ಬೇಡ, ಸೆಟ್ಟು ಬೇಡ, ಇದೇ ಲಾಂಡ್ರಿ, ಇದೇ ಬೀದಿ, ದುಡಿಯೋರ ಕಷ್ಟ ದುಡಿಯೋರ ಮುಖದಲ್ಲೇ ಕಾಣ್ಬೇಕು ಅಂದ. ಸರಿ ಅಂತ ನಾನು ತಲೆ ಬಾಚ್ಕೊಂಡು, ಪೌಡರ್ ಬಳ್ಕೊಂಡು, ಇದ್ದಿದ್ರಲ್ಲಿ ಒಳ್ಳೇ ಬಟ್ಟೆ ಹಾಕ್ಕೊಂಡು ಹೋದೆ. ಕೆಲಸ ಹೋಯ್ತು ಅನ್ಕೊಳ್ಳಿ ಅಂದ. ಅತ್ತುಬಿಟ್ಟೆ ನೋಡು... ಎದೆ ಬಡ್ಕೊಂಡು ಅತ್ತುಬಿಟ್ಟೆ! ಯೂನಿಯನ್ ನಾಟಕದಲ್ಲಿ ಮೂರು ಸಲ ಬಹುಮಾನ ತಗೊಂಡೋಳು ನಾನು! ಅದಕ್ಕವನು ಏನಂದ ಗೊತ್ತಾ? ನಿಮಗೆ ಅಳೋಕೆ ತುಂಬ ಚೆನ್ನಾಗಿ ಬರುತ್ತೆ, ಅದಕ್ಕೇ ಬೇಡ ಅಂದ. ಇದ್ಯಾವೂರ ನ್ಯಾಯ!

ಅಷ್ಟರಲ್ಲಿ ನೀನು ಬಂದೆ. ಪಾರ್ಟು ಕೇಳೋಕಲ್ಲ, ನಾನು ಮರೆತು ಬಂದ ಊಟದ ಡಬ್ಬಿ ಕೊಡೋಕೆ. ಊದಿಕೊಂಡ ಕೈ, ಕೆದರಿದ ತಲೆ, ಬಾಗಿಲಲ್ಲಿ ಸುಮ್ಮನೆ ನಿಂತೆ. ನಿಂತಿದ್ದಕ್ಕೇ ಸಿಕ್ತು ಪಾರ್ಟು! ಹಲ್ಲಿದ್ದೋರಿಗೆ ಕಡಲೆ ಇಲ್ಲ ಅನ್ನೋದು ಸುಮ್ನೆ ಅಲ್ಲ ಕಣೆ. ಆ ಡಬ್ಬೀನ ಆವತ್ತು ಮುಟ್ಟಲೇ ಇಲ್ಲ ನಾನು.

ಮತ್ತೆ ಕಥೆ? ಕಥೆ ಯಾರದ್ದು? ಹೇಳು. ಕೆಲಸ ಹೋದೋಳು ಮನೇಲಿ ಹೇಳ್ದೆ, ದಿನಾ ಬೆಳಿಗ್ಗೆ ಶಿಫ್ಟಿನ ಹೊತ್ತಿಗೆ ಸರಿಯಾಗಿ ಡಬ್ಬಿ ಹಿಡ್ಕೊಂಡು ಹೊರಟು, ಸಂಜೆವರೆಗೂ ಸ್ಟೇಷನ್ ಬೆಂಚಿನ ಮೇಲೆ ಕೂತಿರ್ತಾಳಲ್ಲ... ಅದು ನಾನು! ನೀನು ಇಲ್ಲಿಗೆ ಸೇರೋ ಮುಂಚೆ, ಬಾಯ್ಲರ್ ಕೆಟ್ಟು ನಮ್ಮನ್ನೆಲ್ಲ ಮನೆಗೆ ಕಳಿಸಿದಾಗ ನಲವತ್ತು ದಿನ ಕೂತಿದ್ದೆ. ಮನೆಗೆ ಹೋಗೋ ಮುಂಚೆ ಸ್ಟೇಷನ್ನಿನ ನೀರಿನ ನಲ್ಲಿ ಕೆಳಗೆ ಕೈ ಹಿಡಿದು, ಸೋಪು ಹಚ್ಚಿ ಹಚ್ಚಿ ಚರ್ಮ ಸುಕ್ಕುಗಟ್ಟಿಸ್ಕೋತಿದ್ದೆ. ಯಾಕೆ? ಅಮ್ಮ ಕೈ ನೋಡಿದ್ರೆ, ಇವಳು ಕೆಲಸ ಮಾಡ್ಕೊಂಡು ಬಂದ್ಲು ಅನ್ಬೇಕು ಅಂತ. ಅದನ್ನ ಆ ಡೈರೆಕ್ಟರಿಗೆ ನಾನೇ ಬಾಯಿಬಿಟ್ಟು ಹೇಳಿದ್ದು. ಬರ್ಕೊಂಡ. ಬರ್ಕೊಂಡು ನಿಂಗೆ ಕೊಟ್ಟ! ಕಷ್ಟ ನಂದು, ಮುಖ ನಿಂದು.

ಥಿಯೇಟರಲ್ಲಿ ಆ ನಲ್ಲಿ ಸೀನು ಬಂತಲ್ಲ, ನನ್ನ ಪಕ್ಕ ಕೂತಿದ್ದ ಹೆಂಗಸು ಅಯ್ಯೋ ಪಾಪ ಅಂದ್ಲು. ಯಾರಿಗೆ? ನಿಂಗೆ! ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳ ಭುಜ ಹಿಡಿದು ಅಲುಗಾಡಿಸಿ, ಅಮ್ಮಾ ತಾಯೀ, ಇಲ್ಲಿ ನೋಡು ಅನ್ನೋಣ ಅನ್ನಿಸ್ತು. ಆ ನಲವತ್ತು ದಿನದಲ್ಲಿ ನಂಗೆ ಒಬ್ಬರೂ ಪಾಪ ಅಂದಿರಲಿಲ್ಲ.

ಚೆನ್ನಾಗಿ ಮಾಡಿದ್ದೆ ನೀನು. ಸುಳ್ಳು ಯಾಕೆ ಹೇಳ್ಲಿ. ಅಳಲೇ ಇಲ್ಲ. ಕೈ ಒರೆಸ್ಕೊಳ್ದೆ ಹಾಗೇ ನೋಡ್ಕೊಂಡು ನಿಂತೆ. ನಾನೂ ಹಾಗೇ ನಿಲ್ತಿದ್ದೆ ಕಣೆ... ಅದನ್ನ ಯಾರಿಗೂ ಹೇಳಿರ್ಲಿಲ್ಲ, ಅವನಿಗೂ ಹೇಳಿರ್ಲಿಲ್ಲ. ನಿಂಗೆ ಹೇಗೆ ಗೊತ್ತಾಯ್ತು?

ಹೋಗ್ಲಿ ಬಿಡು. ಇನ್ನು ನಿಂಗೆ ಈ ಹಬೆ, ಈ ಬೆನ್ನುನೋವು ಯಾಕೆ? ಎರಡನೇ ಸಿನಿಮಾ ಇದ್ಯಲ್ಲ. ಮುಂಗಡ ಬೇರೆ ಕೊಟ್ಟಿದ್ದಾರಂತೆ...

ಏನು?

ಇಲ್ವಾ? ಯಾರೂ ಕರೆದೇ ಇಲ್ವಾ? ...ಯಾರೋ ಅಂದ್ರಪ್ಪ. ಯಾರು ಅಂದ್ರೆ... ಎಲ್ರೂ ಅಂತಾರೆ. ಬಾವಿಕಟ್ಟೆ ಮಾತು. ಯಾಕೆ ಬೆಡ್‌ಶೀಟು ಬಿಟ್ಟೆ? ನೋಡು, ಕೊಳೆಯಾಯ್ತು. ಅತ್ತಿಗೆ? ಸೂಪರ್‌ವೈಸರೂ ನಿಂಗೆ ಇದೇ ಮಾತು ಅಂದ್ನಾ? ಇದೇ ಮಾತಾ? ಮುಂಗಡ ಅಂತಾನೂ?

ಇರು, ಹೇಳ್ತೀನಿ.

ಹೋದ ಸೋಮವಾರ ಕರೆದು ಕೇಳ್ದ. ಮೂರು ಹೆಸರು ಬರೆದಾಯ್ತು, ನಾಲ್ಕನೇದು ಯಾರದ್ದು, ಯಾರು ಹೋದ್ರೆ ಒಲೆ ಆರಲ್ಲ ಅಂತ. ಬಾಯಿ ತಪ್ಪಿ ಬಂತು... ಇಲ್ಲ. ಬಾಯಿ ತಪ್ಪಿಲ್ಲ. ಹಿಂದಿನ ದಿನಾನೇ ಸಿನಿಮಾ ನೋಡ್ಕೊಂಡು ಬಂದಿದ್ದೆ. ಹೊಟ್ಟೆ ಉರೀತಿತ್ತು ಕಣೆ, ಬೆಂಕಿ ಬಿದ್ದ ಹಾಗೆ ಉರೀತಿತ್ತು. ಅವಳಿಗೇನು ಸಾರ್, ಸ್ಟಾರು, ಎರಡನೇ ಸಿನಿಮಾಕ್ಕೆ ಮುಂಗಡ ತಗೊಂಡಿದ್ದಾಳೆ ಅಂದೆ. ಅಂದ ತಕ್ಷಣ ನಾಲಿಗೆ ಕಚ್ಕೊಂಡೆ, ಆದ್ರೆ ಅವನು ಆಗಲೇ ಬರೀತಿದ್ದ.

ಬಯ್ಯಿ. ಎರಡು ಏಟು ಹಾಕು, ತಿಂತೀನಿ. ಹಾಗೆ ನೋಡ್ಬೇಡ ಮಾತ್ರ.

ಎಲ್ಲಿಗೆ? ಇರು, ಇರೇ! ಸೂಪರ್‌ವೈಸರ್ ಹತ್ರ ನಾನೇ ಹೋಗ್ತೀನಿ. ನಾನು ಹೇಳಿದ್ದು ಸುಳ್ಳು ಸಾರ್ ಅಂತೀನಿ, ಅವಳ ಹೆಸರು ಹೊಡೆದು ಹಾಕಿ ಅಂತೀನಿ. ಈಗಲೇ... ಆದ್ರೆ ಅವನಿಗೆ ನಾಲ್ಕು ಹೆಸರು ಬೇಕಲ್ಲ. ನಿಂದು ಹೊಡೆದ್ರೆ ಇನ್ನೊಂದು ಬರೀಬೇಕು. ಸುಳ್ಳು ಹೇಳಿದೋಳು ಎದುರಿಗೇ ನಿಂತಿರ್ತಾಳೆ...

ಹೋಗ್ತೀನಿ. ಹೋಗಲ್ಲ ಅಂದೆನಾ ನಾನು? ನಾಳೆ ಹೋದ್ರೆ ಆಗಲ್ವಾ ಅತ್ತಿಗೆ?