ನಾಲ್ಕನೆಯ ಮೇರಿ

ಲಂಡನ್ನಿನ ನಾಟಕಶಾಲೆಯ ಮುಂದೆ ಕಿತ್ತಳೆ ಮಾರುವ ನನಗೆ ಕಿವಿ ಮುಚ್ಚಿಕೊಂಡು ಕೂರಲಾದೀತೇ? ನಿನ್ನೆ ಸಂಜೆ ಗ್ಯಾಲರಿಯ ಅಗ್ಗದ ಟಿಕೆಟ್ಟಿನ ಸಾಲಿನಲ್ಲಿ ಮನೆಗೆಲಸದ ಹುಡುಗಿಯರಿಬ್ಬರು ನಿಂತಿದ್ದರು. ಒಬ್ಬಳು ಒಂದೇ ಸಮನೆ ಕೈಚೀಲದ ದಾರ ಎಳೆಯುತ್ತಿದ್ದಳು.

“ಸುಮ್ನೆ ನಿಂತ್ಕೊಳ್ಳೇ ಥರ್ಜಾ. ಮದುವೆ ಸುದ್ದಿ ನಿಮ್ಮ ಅಮ್ಮಾವ್ರಿಗೆ ಗೊತ್ತಾಗಿಲ್ಲ ತಾನೆ?”

“ಗೊತ್ತಾಗಿದ್ರೆ ಅವತ್ತೇ ಹೊರಗೆ ಹಾಕ್ತಿದ್ರು. ಕೆಲಸದೋಳ ಹಿಂದೆ ಗಂಡು ಸುಳೀಬಾರ್ದು ಅಂತಾನೇ ಕರಾರು.”

“ಮೂರು ಭಾನುವಾರ ಚರ್ಚಲ್ಲಿ ಪಾದ್ರಿ ನಿಮ್ಮಿಬ್ರ ಹೆಸರೂ ಕೂಗಿದ್ರಲ್ಲೇ, ಈ ಮದುವೆಗೆ ತಕರಾರಿದ್ರೆ ಹೇಳಿ ಅಂತ! ಅಮ್ಮಾವ್ರು ಮುಂದಿನ ಬೆಂಚಲ್ಲೇ ಕೂರ್ತಾರೆ!”

“ಕೂತು ಕೇಳಿಸ್ಕೊಂಡ್ರು. ಮನೆಗೆ ಬಂದು, ‘ಥರ್ಜಾ ಅಂತೆ, ಯಾರೋ ಏನೋ, ಹೆಸರು ಚೆನ್ನಾಗಿದೆ. ಟೀ ತಗೊಂಡ್ ಬಾ ಮೇರಿ’ ಅಂದ್ರು.”

“ಮೇರಿನಾ?”

“ಆ ಮನೇಲಿ ಕೆಲಸಕ್ಕೆ ಯಾರೇ ಬರ್ಲಿ, ಮೇರಿನೇ. ನಾನು ನಾಲ್ಕನೆಯೋಳು. ನಿನ್ನ ಹೆಸರೇನು ಅಂತ ಇವತ್ತಿನವರೆಗೂ ಕೇಳಿಲ್ಲ.”

“ಒಳ್ಳೇದೇ ಆಯ್ತಲ್ಲ! ಈ ನಾಟಕದಲ್ಲಿ ಜಹಗೀರ್ದಾರನ ಮಗ ಕೆಲಸದೋಳ್ನ ಕಟ್ಕೊಳ್ತಾನಂತೆ. ಗಾಡಿ ಹೊಡೆಯೋ ನಿನ್ನ ಹುಡುಗ ಅವನಿಗಿಂತ ಏನು ಕಮ್ಮಿ? ಯಾಕೆ ಹಿಂಗೆ ಒದ್ದಾಡ್ತೀಯ?”

“ಗೊತ್ತಿಲ್ಲ ಕಣೇ ಡಾರ್ಕಸ್. ಪಾದ್ರಿ ಕೂಗ್ದಾಗ ನಂಗೂ ಬೇರೆ ಯಾರ್ದೋ ಮದುವೆ ಅನ್ನಿಸ್ತು.”

ಬಾಗಿಲು ತೆರೆಯಿತು, ಜನ ನುಗ್ಗಿದರು. ಥರ್ಜಾಳ ಕೈಚೀಲ ನನ್ನ ಬುಟ್ಟಿಯ ಪಕ್ಕದಲ್ಲೇ ಬಿದ್ದಿತ್ತು. ಎತ್ತಿ ಹಿಡಿದು, “ಥರ್ಜಾ! ಏ ಥರ್ಜಾ!” ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ತಿರುಗಲಿಲ್ಲ.

“ಮೇರಿ!” ಎಂದೆ.

“ಬಂದೆ, ಅಮ್ಮಾ!” ಎನ್ನುತ್ತ ಓಡಿ ಬಂದಳು.