ವಿದ್ಯಾರಣ್ಯಪುರಂ ಶಾಖೆ ಸ್ವತಂತ್ರವಾದ ಬಗೆ

ಅಧ್ಯಕ್ಷರಾದ ಸಿದ್ದರಾಜು ಅವರೇ, ವಿದ್ಯಾರಣ್ಯಪುರಂ ಓದುಗರ ಬಳಗದ ಸದಸ್ಯರೇ, ವೇದಿಕೆಗೆ ಬನ್ನಿ ಎಂದು ಎಷ್ಟು ಕರೆದರೂ ಬಾರದೆ ಮೂರನೆಯ ಸಾಲಿನಲ್ಲೇ ಕೂತಿರುವ ಪ್ರೇಮಲೀಲಾ ಮೇಡಂ ಅವರೇ, ಸಭಿಕರೇ,

ವಸಾಹತುಗಳು ಸಾಮ್ರಾಜ್ಯದಿಂದ ಬಿಡಿಸಿಕೊಂಡು ಸ್ವತಂತ್ರವಾದದ್ದು ಹೇಗೆ ಎಂಬುದು ನನಗೆ ಕೊಟ್ಟ ವಿಷಯ. ಆಗಸ್ಟ್ ತಿಂಗಳೆಂದು ಕೊಟ್ಟರೋ, ನಮ್ಮ ಬಳಗ ಸ್ವತಂತ್ರವಾಗಿ ಒಂದು ವರ್ಷವಾಯಿತೆಂದು ಕೊಟ್ಟರೋ, ಅಧ್ಯಕ್ಷರ ಮುಗುಳ್ನಗೆಯಿಂದ ತಿಳಿಯುವುದಿಲ್ಲ.

ಎರಡು ವಾರ ಓದಿದೆ. ಆಫ್ರಿಕಾದಲ್ಲಿ, ಏಷ್ಯಾದಲ್ಲಿ, ಎಲ್ಲಿ ನೋಡಿದರೂ ಆಳುವವರು ಹೇಳಿದ ಮಾತು ಒಂದೇ: ನಿಮಗಿನ್ನೂ ಕಾಲ ಬಂದಿಲ್ಲ. ಬಂದಿದೆ ಎಂದು ಯಾರು ಹೇಳಬೇಕು? ಅದನ್ನೂ ಅವರೇ! ನಮ್ಮ ಮೈಸೂರನ್ನೇ ನೋಡಿ. ಆಗಸ್ಟ್ ಹದಿನೈದಕ್ಕೆ ದೇಶ ಸ್ವತಂತ್ರವಾಯಿತು. ಇಲ್ಲಿ ಮಾತ್ರ ಮಹಾರಾಜರ ಆಳ್ವಿಕೆಯೇ ಇತ್ತು, ಜನ ಆರಿಸಿದ ಜವಾಬ್ದಾರಿ ಸರ್ಕಾರಕ್ಕಾಗಿ ಇಲ್ಲಿಯವರು ಆಮೇಲೂ ಬೀದಿಗಿಳಿಯಬೇಕಾಯಿತು. ಬಾವುಟ ಏರಿದ ದಿನವೇ ಎಲ್ಲವೂ ಮುಗಿಯುವುದಿಲ್ಲ.

ಇನ್ನು ನಮ್ಮ ಕಥೆ. ಲಕ್ಷ್ಮೀಪುರಂನಲ್ಲಿ ಬಳಗ ಕಟ್ಟಿದವರು ಪ್ರೇಮಲೀಲಾ ಮೇಡಂ. ನಾವು ಅವರ ಶಾಖೆ. ಏನು ಓದಬೇಕು, ಯಾರು ಮಾತಾಡಬೇಕು ಎಂಬುದೆಲ್ಲ ಅಲ್ಲಿಂದಲೇ ಬರುತ್ತಿತ್ತು. ಪುಸ್ತಕದ ಬೀರು ಇಲ್ಲಿ, ಬೀಗದ ಕೈ ಅಲ್ಲಿ. ಪ್ರತಿ ಶನಿವಾರ ಸಿದ್ದರಾಜು ಸರ್ ಸ್ಕೂಟರಿನಲ್ಲಿ ಹೋಗಿ ತರುತ್ತಿದ್ದರು, ಸಂಜೆಗೆ ಹಿಂತಿರುಗಿಸುತ್ತಿದ್ದರು. ಏಳು ವರ್ಷ ಇದು ವಿಚಿತ್ರ ಎಂದು ಯಾರಿಗೂ ಅನಿಸಲಿಲ್ಲ.

ಒಂದು ಶನಿವಾರ ಮೇಡಂ ಅವಸರದಲ್ಲಿ ತಂಗಿಯ ಮನೆಗೆ ಹೊರಟರು. ಕೈಚೀಲದಲ್ಲಿದ್ದ ನಮ್ಮ ಬೀಗದ ಕೈ ಮಂಡಕಳ್ಳಿಯಲ್ಲಿ ವಿಮಾನ ಹತ್ತಿ ಹೈದರಾಬಾದಿಗೆ ಹೋಯಿತು. ಬೀರು ತೆರೆಯದೆ ಏನು ಓದುವುದು, ಮನೆಗೆ ಹೋಗೋಣ ಎಂದು ಎಲ್ಲರೂ ಎದ್ದೆವು. ಆಗ ಹೂ ಕಟ್ಟುವ ತಿಮ್ಮಮ್ಮನವರು, "ಬೀಗ ಆಕಿರೋದು ಬೀರುಗೆ ಕಣ್ರಮ್ಮ, ನಮ್ ಬಾಯ್ಗಲ್ವಲ್ಲ! ಕೂತ್ಕೊಳ್ಳಿ" ಅಂದರು. ಮೊಮ್ಮಗಳು ಓದಿ ಹೇಳಿದ ಕಾದಂಬರಿಯೊಂದರ ಕಥೆಯನ್ನು ಅವರೇ ಶುರು ಮಾಡಿದರು. ಪುಸ್ತಕದಲ್ಲಿ ಸತ್ತ ನಾಯಕಿಯನ್ನು ಕೊನೆಯಲ್ಲಿ ಬದುಕಿಸಿಬಿಟ್ಟರು. "ಪಾಪ, ಯಾಕ್ ಸಾಯಿಸ್ಬೇಕು ಬುಡಿ!" ಆ ದಿನ ನಕ್ಕಷ್ಟು ನಾವು ಯಾವತ್ತೂ ನಕ್ಕಿರಲಿಲ್ಲ, ವಾದ ಮಾಡಿದಷ್ಟು ಯಾವತ್ತೂ ಮಾಡಿರಲಿಲ್ಲ.

ಮುಂದಿನ ವಾರ ಮೇಡಂಗೆ ಪತ್ರ ಹೋಯಿತು. "ಇನ್ನು ಮುಂದೆ ನಮ್ಮ ಬಳಗವನ್ನು ನಾವೇ ನಡೆಸುವುದೆಂದು ನಾವೆಲ್ಲ ಸೇರಿ ತೀರ್ಮಾನಿಸಿದ್ದೇವೆ" ಎಂದಿತ್ತು ಅದರಲ್ಲಿ. ಬರೆದವಳು ನಾನು. ಎಲ್ಲರಿಗಿಂತ ಕೊನೆಯಲ್ಲಿ ಸಹಿ ಹಾಕಿದವಳೂ ನಾನೇ. ಯಾಕೆಂದು ಹೇಳಲೇ? ಕಾಲೇಜಿನಲ್ಲಿ ಹಾಜರಿ ಕೂಗಿದರೆ ದನಿ ಹೊರಡದಿದ್ದ ನನ್ನನ್ನು ಹತ್ತು ಜನರ ಮುಂದೆ ನಿಲ್ಲಿಸಿ, ಪಕ್ಕದಲ್ಲಿ ನೀರಿನ ಲೋಟ ಹಿಡಿದು ನಿಂತವರು ಮೇಡಂ. ಅವರು ನನ್ನೊಡನೆ ಮಾತು ಬಿಟ್ಟರೆ? ದೇಶಗಳಿಗೆ ಇಂಥ ಹೆದರಿಕೆ ಇರುತ್ತದೋ ಇಲ್ಲವೋ, ಪುಸ್ತಕಗಳಲ್ಲಿ ಸಿಗಲಿಲ್ಲ. ನಾನಂತೂ ಒಂದು ವರ್ಷ ಅವರ ಬೀದಿ ತಪ್ಪಿಸಿ, ಸುತ್ತು ಹಾಕಿ ಓಡಾಡಿದೆ. ಇದನ್ನು ಇಲ್ಲಿ ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ, ಕ್ಷಮಿಸಿ.

ಹೋದ ವಾರ ಆಹ್ವಾನ ಪತ್ರಿಕೆ ಹಿಡಿದು ಅವರ ಗೇಟಿನ ಹೊರಗೆ ನಿಂತಿದ್ದೆ. ಒಳಗಿಂದಲೇ ಕೂಗಿದರು: "ಯಾಕೇ ಮಾನಸ, ನಾನೇನು ವೈಸ್‌ರಾಯಾ? ಒಳಗ್ ಬಾರೇ!" ಕಾಫಿ ಕೊಟ್ಟರು. ಪತ್ರದ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಖ್ಯ ಅತಿಥಿಯಾಗಿ ಬನ್ನಿ ಎಂದಾಗ ಮಾತ್ರ, "ಅದೆಲ್ಲ ಬೇಡ ಕಣೇ. ಸುಮ್ನೆ ಬಂದು ಕೂತ್ಕೋತೀನಿ" ಅಂದರು.

ಸಭಿಕರೇ, ಭಾಷಣ ಇನ್ನೂ ಎರಡು ಪುಟವಿದೆ. ಆದರೆ ಮೂರನೆಯ ಸಾಲಿನಲ್ಲಿ ಮೇಡಂ ಕೈ ಎತ್ತಿದ್ದಾರೆ. ನಾನು ಕಂಡಷ್ಟು ವರ್ಷದಲ್ಲಿ ಅವರು ಮಾತಾಡಲು ಯಾರ ಅಪ್ಪಣೆಗೂ ಕಾದವರಲ್ಲ. ಈಗ ನಾನು ಮುಗಿಸಲೆಂದು ಕಾಯುತ್ತಿದ್ದಾರೆ. ಆ ಎರಡು ಪುಟ ಹಾಗೇ ಇರಲಿ. ಮೇಡಂ, ನಿಮ್ಮ ಪ್ರಶ್ನೆ ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹೇಳುತ್ತೇನೆ. ಇಷ್ಟು ಹೊತ್ತು ತಾಳ್ಮೆಯಿಂದ ಕೂತ ನಿಮಗೆಲ್ಲ ವಂದನೆ, ನಮಸ್ಕಾರ.