ತೆರವಾದ ವಿದೇಶಿ ಜಾಗ

ಇಂಡೋನೇಷ್ಯಾದ ಕೆದಿರಿ ಊರಿನ ಸ್ಟೇಡಿಯಂ ಎದುರು, ಸೋತೋ ಎಂಬ ಸಾರು ಮಾರುವ ಅಂಗಡಿಯ ಸಾಲಿನಲ್ಲಿ ನಿಂತಿದ್ದ ಮೇಡಂ ನಿಂಗ್ರುಮ್‌ಗೆ ಮುಂದಿದ್ದವನ ಗುರುತು ಸಿಕ್ಕಿತು. ಊರಿನ ಫುಟ್‌ಬಾಲ್ ತಂಡದಲ್ಲಿ ನಡುಮೈದಾನ ಕಾಯುವ ಎಂಬಾರ್ಗಾ. ಜೊತೆಗಿದ್ದವಳು ಅವನ ಹೆಂಡತಿ, ಇದೇ ಊರಿನವಳು. ಗಂಡನನ್ನು ಊರ ರೂಢಿಯಂತೆ ‘ಮಾಸ್’ ಎಂದು ಕರೆಯುವ ಅವಳ ದನಿ ಏರಿತ್ತು.

“ಕ್ಯಾಮರೂನಿನ ಪೌರತ್ವ ಬಿಟ್ಟುಕೊಟ್ರಲ್ಲ ಮಾಸ್, ಯಾರ ಮಾತು ಕೇಳಿ?”

“ಮ್ಯಾನೇಜರ್ ಮಾತು. ನೀನು ಇಂಡೋನೇಷ್ಯಾದವನಾಗು, ತಂಡದಲ್ಲಿ ವಿದೇಶಿಯರು ಇಷ್ಟೇ ಜನ ಅಂತ ನಿಯಮ, ಒಂದು ವಿದೇಶಿ ಜಾಗ ತೆರವಾಗುತ್ತೆ, ಗೋಲು ಹೊಡೆಯೋನನ್ನ ತರ್ತೀವಿ ಅಂದ.”

“ತಂದಿದ್ದು ಯಾರನ್ನ?”

“ಬ್ರೆಜಿಲ್‌ನವನನ್ನ.”

“ಅವನು ಆಡೋದೆಲ್ಲಿ?”

“ನಡುವೆ.”

“ನಿಮ್ಮ ಜಾಗದಲ್ಲಿ ಅನ್ನಿ! ನಿಮ್ಮ ಕೈಯಲ್ಲೇ ನಿಮ್ಮ ಊಟದೆಲೆ ಎತ್ತಿಸಿ ಅವನಿಗೆ ಬಡಿಸಿದ್ರು. ನೀವು ಬೆಂಚು ಬಿಸಿ ಮಾಡ್ತಾ ಕೂತ್ರಿ.”

“ಮೆಲ್ಲಗೆ ಮಾತಾಡೇ.”

“ಯಾಕೆ ಮೆಲ್ಲಗೆ? ಮಲೇಷ್ಯಾ, ವಿಯೆಟ್ನಾಂ ಎಲ್ಲ ಆಡಿ ಬಂದೋರು. ಅಲ್ಲಿ ಮೋಸಗಾರರು ಇರ್ಲಿಲ್ವಾ?”

“ಇದ್ರು. ಆಗ ವಾಪಸ್ ಹೋಗೋಕೆ ನನಗೊಂದು ದೇಶ ಇತ್ತು.”

ಅವಳು ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದಳು.

“ಬೆಳಿಗ್ಗೆ ಫೋನ್ ಮಾಡಿದ್ಯಾಕೆ ತಂಡದವ್ರು?”

“ಹೊಸಬನಿಗೆ ಭಾಷೆ ಬರಲ್ವಂತೆ. ಬಂದು ನಮ್ಮ ಆಟ ಹೇಳಿಕೊಡು ಅಂದ್ರು.”

“ನಾಚಿಕೆ ಇಲ್ಲದೋರು! ಹೋಗ್ತೀರಾ?”

“ಹೋಗ್ದೆ ಏನು ಮಾಡ್ಲಿ?”

ಅಷ್ಟರಲ್ಲಿ ಅವರ ಸರದಿ ಬಂತು. ಅಂಗಡಿಯವಳು ವಿದೇಶಿಯರನ್ನು ಕರೆಯುವ ರೀತಿಯಲ್ಲೇ ನಗುತ್ತಾ ಕೇಳಿದಳು: “ಮಿಸ್ಟರ್‌ಗೆ ಖಾರ ಬೇಡ, ಅಲ್ವಾ?”

ಅವನು ಮೊದಲ ಬಾರಿಗೆ ದನಿ ಎತ್ತಿದ.

“ಮಿಸ್ಟರ್ ಅನ್ಬೇಡಿ ಅಮ್ಮಾ. ಮಿಸ್ಟರ್ ಆಗೇ ಉಳಿದಿದ್ರೆ ನಾಳೆ ಪಂದ್ಯ ಆಡ್ತಿದ್ದೆ. ಖಾರ ಜಾಸ್ತಿ ಹಾಕಿ.”

ಹೆಂಡತಿ ಪೊಟ್ಟಣ ಇಸಿದುಕೊಂಡು, ಸ್ಟೇಡಿಯಂಗೆ ಬೆನ್ನು ಹಾಕಿ, ಅವನನ್ನು ಮನೆಯ ಕಡೆಗೆ ಕರೆದುಕೊಂಡು ಹೋದಳು.